ಎನ್‌ಎಂಆರ್ ಶಿಫ್ಟ್ ನೋಡಿ ಲಿಥಿಯಂ ಸುತ್ತ ಎಷ್ಟು ನೀರಿದೆ ಅಂತ ಎಣಿಸಬಹುದಾ?

ನೀರು ಮತ್ತು ಅಸಿಟೋನೈಟ್ರೈಲ್ ಬೆರೆಸಿದ ದ್ರಾವಕ, ಅದರಲ್ಲಿ ಲಿಥಿಯಂ ಪರ್ಕ್ಲೋರೇಟ್, ಎನ್‌ಎಂಆರ್ (ಕಾಂತಕ್ಷೇತ್ರದಲ್ಲಿಟ್ಟ ಪರಮಾಣು ನ್ಯೂಕ್ಲಿಯಸ್‌ಗಳ ಸಂಕೇತ ಅಳೆಯುವ ವಿಧಾನ) ಸ್ಪೆಕ್ಟ್ರಮ್‌ನಲ್ಲಿ ಲಿಥಿಯಂನದು ಒಂದೇ ಪೀಕ್. ಅದರ ಜಾಗ, ಅಂದರೆ ಶಿಫ್ಟ್, ನೋಡಿ ಅಯಾನಿನ ಸುತ್ತ ಇರುವ ನೀರಿನ ಅಣು ಎಣಿಸಬೇಕು ಅಂತೀರಿ. ಅಯ್ಯೋ, ನನ್ನ ಪಿಎಚ್‌ಡಿ ಶುರುವಾಗಿದ್ದೇ ಹೀಗೆ.

ನೀರಿನ ಪಾಲನ್ನು ಸ್ವಲ್ಪ ಸ್ವಲ್ಪ ಏರಿಸುತ್ತಾ ಸ್ಯಾಂಪಲ್‌ಗಳನ್ನು ಮಾಡಿಕೊಂಡೆ. ಟ್ಯೂಬಿನೊಳಗೆ ಸಣ್ಣ ಕ್ಯಾಪಿಲರಿ, ರೆಫರೆನ್ಸ್‌ಗೆ (ಶಿಫ್ಟ್ ಅಳೆಯಲು ಸೊನ್ನೆಯ ಗುರುತು) ಅದರಲ್ಲಿ ನೀರಲ್ಲಿ ಕರಗಿಸಿದ ಲಿಥಿಯಂ ಕ್ಲೋರೈಡ್. ಗ್ರಾಫ್ ಎಷ್ಟು ಚೆನ್ನಾಗಿ ಬಂತೆಂದರೆ ಗೈಡ್ ಕೂಡ ಖುಷಿಯಾದರು. ಶಿಫ್ಟ್ ಎರಡು ಶುದ್ಧ ದ್ರಾವಕಗಳ ನಡುವೆ ಅರ್ಧ ದಾರಿಗೆ ಬರುವ ಜಾಗ, ಐಸೊಸಾಲ್ವೇಶನ್ ಪಾಯಿಂಟ್ ಅಂತಾರಲ್ಲ, ಅದನ್ನು ಓದಿ ಸೆಮಿನಾರನ್ನೂ ಕೊಟ್ಟೆ. ಅದು ತಪ್ಪು ಜಾಗ.

ತಪ್ಪಾಗಿದ್ದು ಎಲ್ಲಿ ಅಂದರೆ, ರೆಫರೆನ್ಸ್ ಬೇರೆ ದ್ರವದಲ್ಲಿದ್ದರೆ ಎರಡೂ ದ್ರವಗಳ ಕಾಂತೀಯ ಸಸೆಪ್ಟಿಬಿಲಿಟಿಯ (ಕಾಂತಕ್ಷೇತ್ರಕ್ಕೆ ದ್ರವ ಎಷ್ಟು ಸ್ಪಂದಿಸುತ್ತದೆ ಅನ್ನೋದು) ವ್ಯತ್ಯಾಸವನ್ನು ಲೆಕ್ಕದಲ್ಲಿ ಸರಿಪಡಿಸಬೇಕು. ನಾನು ಸರಿಪಡಿಸಿದ್ದೆ. ಆದರೆ ಸೂತ್ರ ತೆಗೆದುಕೊಂಡಿದ್ದು 1970ರ ದಶಕದ ಪೇಪರಿನಿಂದ. ಆ ಕಾಲದ ಎಲೆಕ್ಟ್ರೋಮ್ಯಾಗ್ನೆಟ್ ಯಂತ್ರಗಳಲ್ಲಿ ಟ್ಯೂಬ್ ಕಾಂತಕ್ಷೇತ್ರಕ್ಕೆ ಅಡ್ಡವಾಗಿ ನಿಲ್ಲುತ್ತಿತ್ತು. ಈಗಿನ ಸೂಪರ್‌ಕಂಡಕ್ಟಿಂಗ್ ಮ್ಯಾಗ್ನೆಟ್‌ನಲ್ಲಿ ಕ್ಷೇತ್ರದ ಗುಂಟವೇ ನಿಲ್ಲುತ್ತದೆ. ಅಡ್ಡ ಇದ್ದರೆ ಆ ವ್ಯತ್ಯಾಸವನ್ನು ಗುಣಿಸುವ ಗುಣಕ 2.09. ಉದ್ದಕ್ಕಿದ್ದರೆ 4.19, ಜೊತೆಗೆ ಪ್ಲಸ್ ಮೈನಸ್ ಉಲ್ಟಾ! ನೀರಿಗೂ ಅಸಿಟೋನೈಟ್ರೈಲ್‌ಗೂ ಸಸೆಪ್ಟಿಬಿಲಿಟಿಯಲ್ಲಿ ಸುಮಾರು 0.19 ಪಿಪಿಎಂ (ದಶಲಕ್ಷದಲ್ಲಿ ಇಷ್ಟು ಪಾಲು) ವ್ಯತ್ಯಾಸ. ಅಂದರೆ 0.8 ಒಂದು ಕಡೆಗೆ ತಿದ್ದಬೇಕಿದ್ದಲ್ಲಿ ನಾನು 0.4 ಇನ್ನೊಂದು ಕಡೆಗೆ ತಿದ್ದಿದ್ದೆ. ಒಟ್ಟು 1.2 ಪಿಪಿಎಂ ಎಡವಟ್ಟು. ಪ್ರೋಟಾನ್ (ಹೈಡ್ರೋಜನ್) ಎನ್‌ಎಂಆರ್ ನೋಡುವವರಿಗೂ ಇದು ಕಮ್ಮಿಯೇನಲ್ಲ, ಇನ್ನು ಲಿಥಿಯಂ ಶಿಫ್ಟ್ ಎಲ್ಲ ದ್ರಾವಕ ಸೇರಿಸಿದರೂ ಕೆಲವೇ ಪಿಪಿಎಂ ಓಡಾಡುತ್ತದೆ. ಅಸಿಟೋನೈಟ್ರೈಲ್ ಜಾಸ್ತಿ ಇದ್ದ ತುದಿಯಲ್ಲಿ ತಪ್ಪು ದೊಡ್ಡದು, ನೀರಿನ ತುದಿಯಲ್ಲಿ ಸೊನ್ನೆ. ಹಾಗಾಗಿ ಗ್ರಾಫಿನ ಆಕಾರವೇ ಬದಲಾಗಿತ್ತು, ಆದರೂ ನೋಡೋಕೆ ನಯವಾಗಿತ್ತು. ನಯವಾಗಿದ್ದಕ್ಕೇ ಯಾರಿಗೂ ಅನುಮಾನ ಬರಲಿಲ್ಲ. ಕೊನೆಗೆ ಒಂದು ಚಾಪ್ಟರ್ ಪೂರ್ತಿ ಕಿತ್ತು ಮತ್ತೆ ಬರೆದೆ.

ನೀವು ಹೀಗೆ ಪರೀಕ್ಷಿಸಿ: ಕ್ಯಾಪಿಲರಿಯಲ್ಲಿ ಅಸಿಟೋನೈಟ್ರೈಲ್, ಹೊರಗೆ ಕ್ಲೋರೋಫಾರ್ಮ್, ಎರಡಕ್ಕೂ ಒಂದು ಹನಿ ಟಿಎಂಎಸ್ (ಟೆಟ್ರಾಮೀಥೈಲ್‌ಸಿಲೇನ್, ಪ್ರೋಟಾನ್ ಎನ್‌ಎಂಆರ್‌ನ ಮಾಮೂಲಿ ರೆಫರೆನ್ಸ್). ಟಿಎಂಎಸ್ ಪೀಕ್ ಎರಡು ಕಾಣುತ್ತದೆ. ನಡುವಿನ ಅಂತರದ ಬಹುಪಾಲು ಸಸೆಪ್ಟಿಬಿಲಿಟಿಯದೇ. ನಿಮ್ಮ ಸೂತ್ರ ಆ ಅಂತರವನ್ನು ಹೆಚ್ಚುಕಮ್ಮಿ ಅಳಿಸಬೇಕು. ಇನ್ನೂ ಹಿಗ್ಗಿಸಿದರೆ ಚಿಹ್ನೆ ತಪ್ಪಿದೆ.

ಇನ್ನು ಎಣಿಸುವ ಆಸೆ ಬಿಡಿ. ಲಿಥಿಯಂ ಸುತ್ತಲಿನ ಅಣುಗಳು ಅಷ್ಟು ಬೇಗ ಬೇಗ ಜಾಗ ಬದಲಿಸುತ್ತವೆ, ನಿಮಗೆ ಸಿಗೋದು ಬರೀ ಸರಾಸರಿ. ಅಯಾನಿಗೆ ಯಾವ ದ್ರಾವಕ ಜಾಸ್ತಿ ಇಷ್ಟ ಅಂತ ಆ ಸರಾಸರಿ ಹೇಳುತ್ತದೆ, ಎಷ್ಟು ಅಣು ಅಂತ ಹೇಳಲ್ಲ. ಸಂಖ್ಯೆಯೇ ಬೇಕಾದರೆ ಲೋಹ ಬದಲಿಸಿ. ಅಲ್ಯೂಮಿನಿಯಂ ಅಯಾನು ಕೋಣೆಯ ತಾಪದಲ್ಲೇ ಒಂದು ನೀರಿನ ಅಣುವನ್ನು ಹೆಚ್ಚುಕಮ್ಮಿ ಸೆಕೆಂಡಿನಷ್ಟು ಹಿಡಿದುಕೊಂಡಿರುತ್ತದೆ. 1960ರಲ್ಲೇ ರಸಾಯನಶಾಸ್ತ್ರಜ್ಞ ಹೆನ್ರಿ ಟೌಬೆ ಮತ್ತು ಜೊತೆಯವರು ಆಕ್ಸಿಜನ್-17 ಎನ್‌ಎಂಆರ್‌ನಲ್ಲಿ ಅದರ ನೀರನ್ನು ಬೇರೆಯಾಗಿ ನೋಡಿದ್ದರು. ಕೋಬಾಲ್ಟ್ ಅಯಾನು ಸೇರಿಸಿ ಉಳಿದ ನೀರಿನ ಪೀಕನ್ನು ಆಚೆ ತಳ್ಳಿದ್ದು ಅವರ ಜಾಣತನ. ಮೆಗ್ನೀಸಿಯಂ ಆದರೆ ನೀರಿಗೆ ಅಸಿಟೋನ್ ಬೆರೆಸಿ ಸೊನ್ನೆಗಿಂತ ಬಹಳ ಕೆಳಗೆ ತಂಪು ಮಾಡಿ. ಪ್ರೋಟಾನ್ ಸ್ಪೆಕ್ಟ್ರಮ್‌ನಲ್ಲೇ ಅಯಾನಿಗೆ ಅಂಟಿದ ನೀರು, ಬಿಡಿ ನೀರು ಬೇರೆ ಬೇರೆ ಪೀಕ್ ಆಗುತ್ತವೆ. ಪೀಕ್‌ಗಳ ವಿಸ್ತೀರ್ಣ ಅಳೆದರೆ ಒಂದು ಅಯಾನಿಗೆ ಆರು ನೀರು ಅಂತ ಬರುತ್ತದೆ.

ಲಿಥಿಯಂನ ಎರಡು ಐಸೋಟೋಪ್‌ಗಳಲ್ಲಿ (ತೂಕ ಬೇರೆಯಾದ ಒಂದೇ ಧಾತುವಿನ ಪರಮಾಣುಗಳು) 6 ಒಳ್ಳೆಯದಾ 7 ಒಳ್ಳೆಯದಾ ಅಂತಲೂ ಕೇಳಿದ್ದೀರಿ. 7 ತಗೊಳ್ಳಿ, ಪ್ರಕೃತಿಯಲ್ಲಿ 92 ಶೇಕಡಾಕ್ಕಿಂತ ಜಾಸ್ತಿ ಅದೇ ಇದೆ. ನನ್ನನ್ನು ಕೇಳಿದರೆ ಲಿಥಿಯಂ ಬದಲು ಸೋಡಿಯಂ-23ರಿಂದ ಶುರು ಮಾಡಿ. ಅದರ ಗೆರೆ ದಪ್ಪ, ನಿಜ. ಆದರೆ ದ್ರಾವಕ ಬದಲಾದಾಗ ಶಿಫ್ಟ್ ಎಷ್ಟೋ ಪಾಲು ಜಾಸ್ತಿ ಓಡುತ್ತದೆ, ಸಣ್ಣ ಎಡವಟ್ಟಾದರೂ ಗ್ರಾಫ್ ಉಳಿಯುತ್ತದೆ.