ಸ್ಯಾಂಡ್ಸ್ ಆಫ್ ಟೈಮ್ ಇಷ್ಟಪಟ್ಟವರು ವಾರಿಯರ್ ವಿದಿನ್ ಆಡಬಹುದಾ?

ನೀವು ಕೇಳಿದ್ದು ಇಷ್ಟು: ‘ಪ್ರಿನ್ಸ್ ಆಫ್ ಪರ್ಷಿಯಾ: ಸ್ಯಾಂಡ್ಸ್ ಆಫ್ ಟೈಮ್’ ವಿಡಿಯೋ ಗೇಮ್ ಈಗಷ್ಟೇ ಮುಗಿಸಿದ್ದೀರಿ. ಮುಂದಿನ ಭಾಗ ‘ವಾರಿಯರ್ ವಿದಿನ್’ ತುಂಬಾ ಕತ್ತಲು, ತುಂಬಾ ರಕ್ತ ಅಂತ ಕೇಳಿ ಹಿಂಜರಿಯುತ್ತಿದ್ದೀರಿ.

ಹಿಂಜರಿಯಬೇಡಿ, ಆಡಿ. ಆದರೆ ಅದೇ ರಾಜಕುಮಾರ ಸಿಗುತ್ತಾನೆ ಅಂದುಕೊಂಡು ಹೋಗಬೇಡಿ.

ನಾನು ಇವೆರಡನ್ನೂ ಆಡಿದ್ದು ರಾಯಚೂರಿನಲ್ಲಿ, ಬೇಸಿಗೆ ರಜೆಗೆ ಸೋದರತ್ತೆಯ ಮನೆಗೆ ಹೋದಾಗ. ಮೊದಲನೆಯದನ್ನು ಹಾಡಹಗಲೇ ಆಡಬಹುದಿತ್ತು. ಬಂಗಾರದ ಬಣ್ಣದ ಅರಮನೆ, ತೂಗಾಡುವ ಪರದೆ, ಕಾರಂಜಿ. ಎರಡನೆಯದನ್ನು ಹಾಕಿದರೆ ಸ್ಕ್ರೀನಿನಲ್ಲಿ ನಮ್ಮ ಮುಖವೇ ಕಾಣುತ್ತಿತ್ತು, ಅಷ್ಟು ಕಪ್ಪು! ಮೇ ತಿಂಗಳ ಬಿಸಿಲಿಗೆ ಕಿಟಕಿಗೆ ಚಾದರ ಕಟ್ಟಿ, ಬೆವರು ಒರೆಸಿಕೊಳ್ಳುತ್ತಾ ಆಡಿದೆವು. ಅತ್ತೆ ಒಗ್ಗರಣೆ ಮಿರ್ಚಿ ತಂದವರು ‘ಇದೇನ್ರೋ, ಗವಿ ಮಾಡೀರಿ’ ಅಂತ ಬೈದು ಹೋಗುತ್ತಿದ್ದರು.

ಒಂದು ವರ್ಷದ ಅಂತರದಲ್ಲಿ, 2003 ಮತ್ತು 2004ರಲ್ಲಿ, ಯೂಬಿಸಾಫ್ಟ್ ಮಾಂಟ್ರಿಯಲ್‌ನವರೇ ಮಾಡಿದ ಆಟಗಳಿವು. ಆದರೆ ಮೊದಲನೆಯದರ ಕತೆ ಬರೆದ ಜೋರ್ಡಾನ್ ಮೆಕ್ನರ್ ಎರಡನೆಯದರಲ್ಲಿ ಇರಲಿಲ್ಲ. ಅದು ಗೊತ್ತಾಗುತ್ತದೆ. ಮೊದಲನೆಯದರಲ್ಲಿ ರಾಜಕುಮಾರ ಕತೆ ಹೇಳುತ್ತಿರುತ್ತಾನೆ. ನಾವು ಬಿದ್ದು ಸತ್ತರೆ, ‘ಇಲ್ಲ ಇಲ್ಲ, ಹಾಗಾಗಲಿಲ್ಲ’ ಅಂತ ತಾನೇ ತಿದ್ದಿಕೊಳ್ಳುತ್ತಾನೆ. ಸಾವೂ ಕತೆಯೊಳಗಿನ ತಪ್ಪು ಮಾತು, ಅಷ್ಟೇ. ರಾಜಕುಮಾರಿ ಫರಾಳ ಜೊತೆಗಿನ ಅವನ ಸಣ್ಣ ಸಣ್ಣ ಜಗಳ ನನಗೆ ಹೊಡೆದಾಟಕ್ಕಿಂತ ಜಾಸ್ತಿ ನೆನಪಿದೆ. ಎರಡನೆಯದರಲ್ಲಿ ಆ ಹುಡುಗ ಇಲ್ಲ. ಧ್ವನಿ ಬೇರೆ, ಮಾತೆಲ್ಲ ಗುರ್ರ್ ಅನ್ನುವುದು, ಹಿಂದೆ ಗಾಡ್‌ಸ್ಮ್ಯಾಕ್ ಬ್ಯಾಂಡಿನ ಗಿಟಾರು. ತುಂಡಾಗಿ ಬೀಳುವ ರುಂಡಗಳು, ಹೆಂಗಸರಿಗೆ ಹಾಕಿರುವ ಅರೆಬರೆ ಕಬ್ಬಿಣದ ಉಡುಪು, ಇದೆಲ್ಲ ನನಗೆ ಸುಮ್ನೆ ಬಳಿದ ಮಸಿ ಅನ್ನಿಸಿತು.

ಆದರೆ ಬೆನ್ನಟ್ಟಿ ಬರುವ ದೈತ್ಯ ದಹಾಕ ಮಸಿಯಲ್ಲ. ಮೊದಲನೆಯದರಲ್ಲಿ ನೀವು ಎಷ್ಟು ಸಲ ಕಾಲವನ್ನು ಹಿಂದಕ್ಕೆ ತಿರುಗಿಸಿದ್ದೀರಿ, ಲೆಕ್ಕ ಇದೆಯಾ? ಕಂಬದಿಂದ ಜಾರಿದರೆ ಬಟನ್ ಒತ್ತು, ಮತ್ತೆ ಹತ್ತು. ಆ ಶಕ್ತಿ ಕೊಡುವ ಕಾಲದ ಮರಳನ್ನು ಬಿಚ್ಚಿದವನು ಸಾಯಲೇಬೇಕು ಅನ್ನುತ್ತದೆ ಎರಡನೆಯ ಕತೆ. ಆ ಸಾಲ ವಸೂಲಿಗೆ ಬರುವವನೇ ದಹಾಕ. ಏಳು ವರ್ಷದಿಂದ ಬೆನ್ನು ಬಿಟ್ಟಿಲ್ಲ. ಅವನು ಬಂದಾಗ ಕತ್ತಿ ಕೆಲಸಕ್ಕೆ ಬರಲ್ಲ, ಓಡುವುದೊಂದೇ ದಾರಿ. ನೀರಿನ ತೆರೆ ದಾಟಿದರೆ ಬಚಾವ್, ಅವನಿಗೆ ನೀರು ಆಗದು. ಇನ್ನೊಂದು ಗೋಡೆ, ಇನ್ನೊಂದು ಜಿಗಿತ, ಕೊನೆಗೆ ನೀರು ಕಂಡಾಗ ನಾವು ಕೂಗಿದ್ದೇ ಕೂಗಿದ್ದು. ಮೊದಲನೆಯದರಲ್ಲಿ ಬಿಟ್ಟಿ ಸಿಕ್ಕ ಸುಖಕ್ಕೆ ಇಲ್ಲಿ ಬೆಲೆ ಕೊಡಬೇಕು. ಈ ಕತ್ತಲು ಮೊದಲ ಆಟದೊಳಗೇ ಇತ್ತು ಅಲ್ವಾ?

ಹೊಡೆದಾಟ ನಿಸ್ಸಂದೇಹವಾಗಿ ಎರಡನೆಯದರಲ್ಲೇ ಚೆನ್ನ. ಬಿದ್ದ ಶತ್ರುವಿನ ಆಯುಧ ಎತ್ತಿಕೊಂಡು ಎರಡೂ ಕೈಯಲ್ಲಿ ಬೀಸಬಹುದು, ಬೇಕಾದರೆ ಎಸೆಯಬಹುದು. ಮೊದಲನೆಯದರಲ್ಲಿ ಒಬ್ಬೊಬ್ಬರನ್ನೂ ಕೆಡವಿ ಕಠಾರಿ ಚುಚ್ಚಿ ಮುಗಿಸುವುದು ಕೊನೆಕೊನೆಗೆ ಬೇಜಾರು. ದಾರಿಯ ವಿಷಯ ಉಲ್ಟಾ. ಮೊದಲನೆಯದು ನೇರ ಕರೆದುಕೊಂಡು ಹೋಗುತ್ತದೆ. ಎರಡನೆಯದರಲ್ಲಿ ಒಂದೇ ಕೋಟೆಯನ್ನು ಹಾಳಾದ ಇಂದು, ಹೊಳೆಯುವ ಅಂದು, ಎರಡು ಕಾಲದಲ್ಲಿ ಸುತ್ತಬೇಕು. ನಾವು ಒಂದಿಡೀ ಮಧ್ಯಾಹ್ನ ದಾರಿ ತಪ್ಪಿದ್ದೆವು.

ಎರಡನೆಯ ಆಟ ಸೇವ್ ಆಗುವುದು ನೀರು ಕುಡಿಯುವ ಕಾರಂಜಿಗಳಲ್ಲಿ ಮಾತ್ರ. ಒಂದು ಕಾರಂಜಿಯಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ನಮಗೆ ಕರೆಂಟ್ ಹೋಗುತ್ತಿತ್ತು. ಹತ್ತಿರದ ಶಕ್ತಿನಗರದಲ್ಲೇ ಕರೆಂಟ್ ತಯಾರಾಗುತ್ತದೆ, ಏನು ಮಾಡುವುದು!

ಒಂದು ಎಚ್ಚರ. ಆಯಸ್ಸು ಹೆಚ್ಚಿಸುವ ಗುಪ್ತ ಜಾಗಗಳು ಒಂಬತ್ತಿವೆ. ಒಂಬತ್ತೂ ಹುಡುಕಿದರೆ ಮಾತ್ರ ನೀರಿನ ಕತ್ತಿ ಸಿಗುತ್ತದೆ, ಮುಕ್ತಾಯ ಬೇರೆ ಬರುತ್ತದೆ. 2005ರ ಮೂರನೆಯ ಭಾಗ ‘ಟೂ ಥ್ರೋನ್ಸ್’ ಮುಂದುವರಿಯುವುದು ಆ ಮುಕ್ತಾಯದಿಂದಲೇ. ಕಾಗದದ ಮೇಲೆ ಗುರುತು ಹಾಕಿಕೊಳ್ಳುತ್ತಾ ಹೋಗಿ. ನಾವು ಎಂಟಕ್ಕೇ ನಿಂತು, ಮತ್ತೆ ಮೊದಲಿಂದ ಶುರು ಮಾಡಿದೆವು. ಎರಡನೇ ಸಲ ಮುಗಿಯುವ ಹೊತ್ತಿಗೆ ಮಳೆ ಶುರುವಾಗಿ, ಅತ್ತೆ ಚಾದರ ಬಿಚ್ಚಿ ಒಗೆಯಲು ಹಾಕಿದ್ದರು.