ಆರು ತಿಂಗಳ ಮಗುವಿಗೆ ಕಡ್ಲೆಬೀಜ ಕೊಡಬಹುದಾ? ಹೇಗೆ, ಎಷ್ಟು?

ನೀವು ಕೇಳಿದ್ದು ಇಷ್ಟು: ಮೂಡಿಗೆರೆ ಹತ್ತಿರ ತೋಟದ ಮನೆ, ಮಗುವಿಗೆ ಆರು ತಿಂಗಳು ತುಂಬಿ ರಾಗಿ ಸರಿ ಶುರುವಾಗಿದೆ, ಕೆನ್ನೆಯಲ್ಲಿ ಆಗಾಗ ಒಣ ಇಸುಬು. ಕಡ್ಲೆಬೀಜ ಬೇಗ ತಿನ್ನಿಸಿದರೆ ಮುಂದೆ ಅಲರ್ಜಿ ಬರೋದು ತಪ್ಪುತ್ತೆ ಅಂತ ಓದಿದ್ದೀರಿ. ಅತ್ತೆಯವರು ‘ಅದು ಪಿತ್ತ, ಒಂದು ವರ್ಷ ತುಂಬಲಿ’ ಅನ್ನುತ್ತಾರೆ.

ಕೊಡಬಹುದು, ಈಗಲೇ. ಅದಕ್ಕೆ ಮೊದಲು ಇಸುಬನ್ನು ಮಕ್ಕಳ ಡಾಕ್ಟರಿಗೆ ತೋರಿಸಿ, ಎಲ್ಲಾ ನಿಂತಿರೋದು ಅದರ ಮೇಲೆ. ಕೆನ್ನೆಯಲ್ಲಷ್ಟೇ ಇದ್ದು ಕ್ರೀಮು ಹಚ್ಚಿದರೆ ತಗ್ಗುವಂಥದ್ದಾದರೆ ಮನೆಯಲ್ಲೇ ಶುರು ಮಾಡಬಹುದು. ಮೈತುಂಬ ಇದ್ದು ಪದೇ ಪದೇ ಸ್ಟೀರಾಯ್ಡ್ ಮುಲಾಮು ಬೇಕಾಗುತ್ತಿದ್ದರೆ, ಅಥವಾ ಮೊಟ್ಟೆ ತಿಂದಾಗ ಗಂಧೆ ಎದ್ದಿದ್ದರೆ, ಮನೆಯಲ್ಲಿ ಪ್ರಯತ್ನಿಸಬೇಡಿ. ಮೊದಲು ರಕ್ತದ ಅಥವಾ ಚರ್ಮದ ಅಲರ್ಜಿ ಪರೀಕ್ಷೆ ಆಗಲಿ, ಮೊದಲ ತುತ್ತು ಎಲ್ಲಿ ಅನ್ನೋದನ್ನು ಡಾಕ್ಟರು ಹೇಳಲಿ. ಹಾಗಂತ ಇಂಥ ಮಕ್ಕಳಿಗೆ ಕೊಡೋದನ್ನೇ ಮುಂದಕ್ಕೆ ತಳ್ಳಬಾರದು. ಬೇಗ ತಿಂದರೆ ಹೆಚ್ಚು ಲಾಭ ಆಗೋದು ಇವರಿಗೇ.

ಅತ್ತೆಯವರ ಮಾತನ್ನು ಹಗುರವಾಗಿ ತಳ್ಳಿಹಾಕಬೇಡಿ. ಅಮೆರಿಕದ ಮಕ್ಕಳ ವೈದ್ಯರ ಸಂಘವೇ 2000ರಲ್ಲಿ, ಅಲರ್ಜಿಯ ಅಪಾಯವಿರುವ ಮಕ್ಕಳಿಗೆ ಮೂರು ವರ್ಷದವರೆಗೆ ಕಡ್ಲೆಬೀಜ ಬೇಡ ಅಂದಿತ್ತು. 2008ರಲ್ಲಿ ಆ ಸಲಹೆ ಕೈಬಿಟ್ಟರು. 2015ರಲ್ಲಿ ಲಂಡನ್ನಿನ ‘ಲೀಪ್’ ಅಧ್ಯಯನ ಚಿತ್ರವನ್ನೇ ಬದಲಿಸಿತು. ತೀವ್ರ ಇಸುಬು ಅಥವಾ ಮೊಟ್ಟೆ ಅಲರ್ಜಿ ಇದ್ದ, 4ರಿಂದ 11 ತಿಂಗಳ ನಡುವಿನ 640 ಮಕ್ಕಳನ್ನು ಎರಡು ಗುಂಪು ಮಾಡಿದರು. ಐದನೇ ವರ್ಷಕ್ಕೆ ನೋಡಿದಾಗ, ಕಡ್ಲೆಬೀಜ ದೂರವಿಟ್ಟ ಗುಂಪಿನಲ್ಲಿ ಶೇ. 17.2ರಷ್ಟು ಮಕ್ಕಳಿಗೆ ಅದರ ಅಲರ್ಜಿ, ತಿನ್ನಿಸಿದ ಗುಂಪಿನಲ್ಲಿ ಶೇ. 3.2 ಮಾತ್ರ.

ಕಾರಣ ಹೀಗೆ: ಇಸುಬಿನಿಂದ ಬಿರುಕುಬಿಟ್ಟ ಚರ್ಮದ ಮೂಲಕ ಕಡ್ಲೆಬೀಜದ ಅಂಶ ಒಳಗೆ ಹೋದರೆ ಮೈ ಅದನ್ನು ಶತ್ರು ಅಂದುಕೊಳ್ಳುತ್ತೆ. ಅದೇ ಅಂಶ ಬಾಯಿಂದ ಹೊಟ್ಟೆಗೆ ಹೋದರೆ ಒಗ್ಗಿಕೊಳ್ಳುತ್ತೆ. ಆದ್ದರಿಂದ ಎಣ್ಣೆಸ್ನಾನ ಮಾಡಿಸುವಾಗ ಇಸುಬು ಇರುವ ಮೈಗೆ ಕಡ್ಲೆಕಾಯಿ ಎಣ್ಣೆ ಹಚ್ಚಲೇಬೇಡಿ. ಅಡುಗೆಗೆ ಆ ಎಣ್ಣೆ ಬಳಸಿದರೆ ಮಗುವಿಗೆ ಕಡ್ಲೆಬೀಜ ಕೊಟ್ಟಂತೆಯೂ ಆಗೋದಿಲ್ಲ, ಎಣ್ಣೆಯಲ್ಲಿ ಪ್ರೋಟೀನು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಬೇಯಿಸಿದ ಕಡ್ಲೆಕಾಯಿಯೂ ಬದಲಿಯಲ್ಲ, ಅಲರ್ಜಿಗೆ ಸಂಬಂಧಿಸಿದ ಪ್ರೋಟೀನಿನ ಒಂದಷ್ಟು ಪಾಲು ಬೇಯಿಸಿದ ನೀರಿಗೆ ಇಳಿದಿರುತ್ತೆ. ಹುರಿದ ಬೀಜವೇ ಬೇಕು.

ಬೀಜ ಆರಿಸೋದರಲ್ಲಿ ಉದಾಸೀನ ಬೇಡ. ಮಲೆನಾಡಿನ ಮಳೆಗಾಲದ ತಂಡಿಗೆ ಡಬ್ಬಿಯಲ್ಲಿಟ್ಟ ಬೀಜಕ್ಕೂ ಬೂಷ್ಟು ಹಿಡಿಯುತ್ತೆ, ಅದರಲ್ಲಿ ಅಫ್ಲಾಟಾಕ್ಸಿನ್ ಅನ್ನೋ ವಿಷ ಇರಬಹುದು, ಹುರಿದರೂ ಅದು ಪೂರ್ತಿ ಹೋಗೋದಿಲ್ಲ. ಸುಕ್ಕಾದದ್ದು, ಕಪ್ಪಾದದ್ದು, ಕಹಿ ಬಂದದ್ದು ಎಲ್ಲಾ ತೆಗೆದುಹಾಕಿ. 50 ಗ್ರಾಂ ಒಳ್ಳೆ ಬೀಜವನ್ನು ಸಣ್ಣ ಉರಿಯಲ್ಲಿ ಹುರಿದು, ಸಿಪ್ಪೆ ಉಜ್ಜಿ ತೆಗೆದು, ಪೂರ್ತಿ ಆರಿಸಿ. ಮಿಕ್ಸಿಯನ್ನು ತಡೆದು ತಡೆದು ತಿರುಗಿಸಿ. ಬಿಸಿ ಬೀಜ ಹಾಕಿದರೆ ಅಥವಾ ಒಂದೇ ಸಮನೆ ಓಡಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತೆ, ಸರಿಯಲ್ಲಿ ಕರಗದೆ ಗಂಟಾಗಿ ಉಳಿಯುತ್ತೆ. ಆ ಗಂಟು ಮಗುವಿನ ಗಂಟಲಿಗೆ ಅಪಾಯ. ಸಣ್ಣ ಜರಡಿಯಲ್ಲಿ ಜರಡಿ ಹಿಡಿದು, ಉಳಿದ ತರಿಯನ್ನು ನಿಮ್ಮ ಚಟ್ನಿಗೆ ಹಾಕಿಕೊಳ್ಳಿ. ಪುಡಿ ಗಾಳಿಯಾಡದ ಡಬ್ಬಿಯಲ್ಲಿ, ಫ್ರಿಜ್ಜಿನಲ್ಲಿರಲಿ. ಅಂಗಡಿಯ ಪೀನಟ್ ಬಟರ್ ಆದರೆ ಸಕ್ಕರೆ, ಉಪ್ಪು, ಜೇನುತುಪ್ಪ ಇಲ್ಲದ ನುಣುಪಾದದ್ದನ್ನು ಬಿಸಿನೀರಲ್ಲಿ ತೆಳ್ಳಗೆ ಕದಡಿಯೇ ಕೊಡಬೇಕು.

ಮೊದಲ ದಿನಕ್ಕೆ ಮಗು ಆರೋಗ್ಯವಾಗಿರಬೇಕು. ಜ್ವರ, ಶೀತ, ಭೇದಿ ಇರಬಾರದು, ಲಸಿಕೆ ಹಾಕಿಸಿದ ದಿನವೂ ಬೇಡ. ಹೊತ್ತು ಬೆಳಗಿನದೇ ಆಗಲಿ. ಮರ ಬಿದ್ದು ರಸ್ತೆ ಬಂದ್ ಆಗುವಂಥ ಮಳೆಯಿದ್ದರೆ, ಫೋನಿಗೆ ನೆಟ್‌ವರ್ಕ್ ಸಿಗದಿದ್ದರೆ ಆ ದಿನ ಬಿಟ್ಟುಬಿಡಿ. ಎರಡೂವರೆ ಟೀ ಚಮಚ ಪುಡಿ, ಅಂದರೆ ಸುಮಾರು 8 ಗ್ರಾಂ, ಮಗುವಿಗೆ ಆಗಲೇ ಒಗ್ಗಿರುವ ರಾಗಿ ಸರಿಗೆ ಬೆರೆಸಿ, ಚಮಚದಿಂದ ಸಲೀಸಾಗಿ ಜಾರುವಷ್ಟು ಹದ ಮಾಡಿ. ಚಮಚದ ತುದಿಯಷ್ಟು ತಿನ್ನಿಸಿ ಹತ್ತು ನಿಮಿಷ ಕಾಯಿರಿ. ಏನೂ ಆಗದಿದ್ದರೆ ಉಳಿದದ್ದನ್ನು ನಿಧಾನವಾಗಿ ಕೊಡಿ. ಪೂರ್ತಿ ತಿನ್ನದಿದ್ದರೆ ಬಲವಂತ ಬೇಡ. ಆಮೇಲೆ ಎರಡು ಗಂಟೆ ಮಗು ಕಣ್ಣೆದುರೇ ಇರಲಿ.

ಮೈಮೇಲೆ ಗಂಧೆ ಎದ್ದರೆ, ತುಟಿ-ರೆಪ್ಪೆ ಊದಿದರೆ, ವಾಂತಿಯಾದರೆ ಅಲ್ಲಿಗೇ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಿ. ಬಿಡದೆ ಕೆಮ್ಮು, ಉಸಿರಲ್ಲಿ ಸುಯ್‌ಗುಟ್ಟುವ ಸದ್ದು, ಮಗು ಬಿಳಿಚಿ ಜೋತುಬೀಳೋದು, ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿ, ಅಥವಾ ಕೈಗೆ ಸಿಕ್ಕ ಗಾಡಿಯಲ್ಲೇ ಹತ್ತಿರದ ಆಸ್ಪತ್ರೆಗೆ ಹೊರಡಿ. ಆಗ ಬೇಕಾದ್ದು ತೊಡೆಗೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್. ಮನೆಯಲ್ಲಿರುವ ಅಲರ್ಜಿ ಸಿರಪ್ ಗಂಧೆ ಇಳಿಸಬಹುದು, ಉಸಿರಾಟ ಉಳಿಸೋದಿಲ್ಲ, ಅದನ್ನು ಕುಡಿಸಿ ಕಾಯುತ್ತಾ ಕೂರಬೇಡಿ. ಸರಿ ತಾಗಿದ ಕಡೆ ಬಾಯಿ ಸುತ್ತ ಮಾತ್ರ ಕೆಂಪಾಗೋದು ಎಷ್ಟೋ ಸಲ ಬರೀ ಉರಿ, ಆದರೂ ಮುಂದಿನ ಸಲ ಕೊಡುವ ಮೊದಲು ಡಾಕ್ಟರನ್ನು ಕೇಳಿ.

ಏನೂ ಆಗಲಿಲ್ಲ ಅಂದರೆ ಅದೇ ಅಳತೆ ವಾರಕ್ಕೆ ಮೂರು ಸಲ, ಎದೆಹಾಲು ಎಂದಿನಂತೆ. ಹೆಚ್ಚಿನವರು ಎಡವೋದು ಇಲ್ಲೇ: ಎರಡು ಸಲ ಕೊಟ್ಟು ‘ಅಲರ್ಜಿ ಇಲ್ಲ’ ಅಂತ ನಿಲ್ಲಿಸಿಬಿಡುತ್ತಾರೆ. ಲೀಪ್‌ನ ಮಕ್ಕಳು ವಾರಕ್ಕೆ 6 ಗ್ರಾಂ ಪ್ರೋಟೀನಿನ ಲೆಕ್ಕದಲ್ಲಿ, ಅಂದರೆ ಸುಮಾರು 24 ಗ್ರಾಂ ಬೀಜ, ಐದು ವರ್ಷದವರೆಗೆ ತಿಂದವರು. ಸರಿ ಬೇಸರವಾದರೆ ಬಾಳೆಹಣ್ಣಿನ ಜೊತೆ, ಮೆತ್ತಗೆ ಹಿಸುಕಿದ ಅನ್ನದ ಜೊತೆ ಕೊಡಿ. ಇಡೀ ಬೀಜ, ಮುರಿದ ಬೀಜ, ಚಿಕ್ಕಿ ಮಾತ್ರ ಆ ಐದು ವರ್ಷವೂ ಬೇಡ, ಮನೆಯ ದೊಡ್ಡ ಮಕ್ಕಳಿಗೂ ಇದನ್ನು ಹೇಳಿಡಿ.