ಗಿರಾಕಿ ಕೇಳದ ಕೆಲಸದಲ್ಲಿರುವ ಸಂತೋಷ

ಮಾನ್ಯ ಸಹೋದರಿಯವರಿಗೆ, ನಮಸ್ಕಾರಗಳು.

ಹೆಸರು ಪ್ರಕಟಿಸಬಾರದೆಂಬ ನಿಮ್ಮ ಕೋರಿಕೆಯಂತೆ, ನಿಮ್ಮ ದೀರ್ಘ ಪತ್ರದ ಸಾರವನ್ನಷ್ಟೇ ಉಳಿದ ಓದುಗರಿಗಾಗಿ ಇಲ್ಲಿ ಕೊಡುತ್ತಿದ್ದೇನೆ. ನೀವು ಧಾರವಾಡದಲ್ಲಿ ಚಿತ್ರ ಬರೆದೇ ಸಂಸಾರ ತೂಗಿಸುತ್ತಿರುವವರು. ತೀರಿಕೊಂಡ ಹಿರಿಯರ ಭಾವಚಿತ್ರಗಳು, ಅಂಗನವಾಡಿ ಮತ್ತು ಶಾಲೆಗಳ ಗೋಡೆಚಿತ್ರಗಳು, ವಾರದ ಕೊನೆಯಲ್ಲಿ ಮಕ್ಕಳಿಗೆ ಚಿತ್ರಕಲೆಯ ಪಾಠ, ಇವೇ ನಿಮ್ಮ ಆದಾಯದ ದಾರಿಗಳು. ಕಲಾಶಾಲೆಯ ದಿನಗಳಲ್ಲಿ ಹಸಿವು ನಿದ್ದೆಗಳನ್ನು ಮರೆಸುತ್ತಿದ್ದ ಕೆಲಸ ಈಗ ಬರಿಯ ದುಡಿಮೆಯಾಗಿದೆ. ಚಿತ್ರ ಮುಗಿದು ಹಣ ಕೈಸೇರಿದ ಸಂಜೆಯನ್ನು ಬಿಟ್ಟರೆ ಉಳಿದ ದಿನಗಳಲ್ಲಿ ಉಲ್ಲಾಸವೇ ಇಲ್ಲ. ಮೊಬೈಲಿನಲ್ಲಿ ಕಂಪ್ಯೂಟರ್ ಮಾಡಿಕೊಟ್ಟ ಚಿತ್ರವನ್ನು ತೋರಿಸಿ ‘ಹೀಂಗ ಬೇಕ್ರಿ’ ಎನ್ನುವವರ ಮುಂದೆ ಕುಂಚ ಹಿಡಿಯಲು ಮನಸ್ಸೇ ಬರುವುದಿಲ್ಲ ಎಂದು ಬರೆದಿದ್ದೀರಿ. ದಿನನಿತ್ಯದ ಬದುಕಿನಲ್ಲಿ ಸಂತೋಷ ಕಾಣುವ ಚಿತ್ರಕಾರರು ನಿಜವಾಗಿಯೂ ಇದ್ದಾರೆಯೇ ಎಂಬುದು ನಿಮ್ಮ ಮುಖ್ಯ ಪ್ರಶ್ನೆ. ಬೆಂಗಳೂರಿನ ಚಿತ್ರಸಂತೆಗೆ ಅರ್ಜಿ ಹಾಕಬೇಕೋ ಬೇಡವೋ ಎಂದೂ ಕೊನೆಯಲ್ಲಿ ಕೇಳಿದ್ದೀರಿ.

ಮೊದಲು ಹಣದ ಮಾತನ್ನು ಮುಗಿಸಿಬಿಡುತ್ತೇನೆ, ಏಕೆಂದರೆ ನಿಮ್ಮ ದಣಿವಿನ ಒಂದು ಪಾಲು ಅಲ್ಲಿಂದಲೇ ಬಂದಿದೆ ಎಂದು ನನಗೆ ಅನ್ನಿಸುತ್ತದೆ. ಮುಂಗಡವಿಲ್ಲದೆ ಕೆಲಸ ಒಪ್ಪಿಕೊಳ್ಳುವುದು, ಮುಖ ಇನ್ನಷ್ಟು ಬೆಳ್ಳಗಿರಲಿ, ಸೀರೆಯ ಬಣ್ಣ ಬೇರೆಯಿರಲಿ ಎಂದು ಮನೆಯವರು ಒಬ್ಬೊಬ್ಬರಾಗಿ ಹೇಳಿದ್ದನ್ನೆಲ್ಲ ಪುಕ್ಕಟೆಯಾಗಿ ತಿದ್ದಿಕೊಡುವುದು, ಆಮೇಲೆ ಬಾಕಿಗಾಗಿ ತಿಂಗಳುಗಟ್ಟಲೆ ಫೋನ್ ಮಾಡುವುದು, ಇವುಗಳ ನಡುವೆ ಯಾವ ಕೆಲಸದ ಸಂತೋಷವೂ ಉಳಿಯಲಾರದು. ಅರ್ಧ ಹಣವನ್ನು ಮೊದಲೇ ಪಡೆಯಿರಿ. ಚಿತ್ರದ ಅಳತೆ, ಕೊಡುವ ದಿನ ಮತ್ತು ಎಷ್ಟು ಬಾರಿ ತಿದ್ದಿಕೊಡುತ್ತೀರಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಇಬ್ಬರೂ ಸಹಿ ಮಾಡಿಕೊಳ್ಳಿ. ಹಾಗೆ ಕೇಳಿದರೆ ಗಿರಾಕಿ ಹೊರಟುಹೋಗಬಹುದೆಂಬ ನಿಮ್ಮ ಅಂಜಿಕೆ ನನಗೆ ಅರ್ಥವಾಗುತ್ತದೆ, ಒಬ್ಬಿಬ್ಬರು ಹೋಗಲೂಬಹುದು. ಆದರೂ ಕೇಳಿರಿ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ನಿಮ್ಮ ಪತ್ರವನ್ನು ಎರಡನೆಯ ಬಾರಿ ಓದುವಾಗ ಮೂರನೆಯ ಪುಟದಲ್ಲಿ ನಿಂತುಬಿಟ್ಟೆ. ಹಳ್ಳಿಯೊಂದರ ಮನೆಯವರು ತೀರಿಹೋದ ಅಜ್ಜಿಯ ಭಾವಚಿತ್ರ ಬೇಕೆಂದು ಬಂದದ್ದನ್ನು ನೀವು ಅಲ್ಲಿ ಬರೆದಿದ್ದೀರಿ. ಅವರ ಬಳಿ ಇದ್ದದ್ದು ಮತದಾರರ ಚೀಟಿಯ ಮಸುಕಾದ ಫೋಟೊ ಒಂದೇ. ತಲೆಯ ಮೇಲಿನ ಸೆರಗು ಕಿವಿಗಳನ್ನು ಅರ್ಧ ಮುಚ್ಚಿತ್ತು. ಅಜ್ಜಿ ಕಿವಿಯ ಮೇಲಂಚಿಗೆ ಬುಗುಡಿ ಇಡುತ್ತಿದ್ದರೋ ಇಲ್ಲವೋ ಎಂಬ ಬಗ್ಗೆ ಮಕ್ಕಳಲ್ಲೇ ವಾದ ಹುಟ್ಟಿತು. ನೀವು ಬಸ್ಸು ಹಿಡಿದು ಅವರ ಮನೆಗೇ ಹೋಗಿ ಪಡಸಾಲೆಯಲ್ಲಿ ಕುಳಿತಿರಿ. ಹಿರಿಯ ಮಗಳು ಪೆಟ್ಟಿಗೆಯ ತಳದಿಂದ ಬುಗುಡಿಗಳನ್ನು ತೆಗೆದು ನಿಮ್ಮ ಕೈಗಿತ್ತರು. ಬಹುಕಾಲ ಇಟ್ಟುಕೊಂಡ ಚಿನ್ನ ಹೇಗೆ ಸವೆದು ಮಂಕಾಗಿತ್ತು, ಅದನ್ನು ಕಾಣಿಸಲು ಯೆಲ್ಲೊ ಓಕರ್ ಎಂಬ ಮಣ್ಣುಹಳದಿಗೆ ಬರ್ನ್ಟ್ ಅಂಬರ್ ಎಂಬ ಕಡುಗಂದನ್ನು ಎಷ್ಟು ಬೆರೆಸಬೇಕಾಯಿತು, ಇಳಕಲ್ ಸೀರೆಯ ಕೆಂಪು ಸೆರಗಿನ ಬಣ್ಣ ಕೆನ್ನೆಯ ನೆರಳಿನೊಳಗೂ ಚಿನ್ನದ ಅಂಚಿಗೂ ಹೇಗೆ ಹೊಯ್ದುಕೊಂಡಿತ್ತು ಎಂಬುದನ್ನೆಲ್ಲ ಒಂದೂವರೆ ಪುಟ ಬರೆದಿದ್ದೀರಿ. ಎಡಗಡೆಯ ಬುಗುಡಿಯಲ್ಲಿ ಒಂದು ಮುತ್ತು ಉದುರಿಹೋಗಿತ್ತು. ಆ ಖಾಲಿ ಜಾಗವನ್ನು ತುಂಬದೆ ಇದ್ದ ಹಾಗೆಯೇ ಬರೆದಿರಿ. ಚಿತ್ರ ಒಯ್ಯಲು ಬಂದ ಮಗಳು ಮುಖ ಹೋಲುತ್ತದೆಯೇ ಎಂದು ನೋಡುವ ಮೊದಲು ಆ ಖಾಲಿ ಜಾಗದ ಹತ್ತಿರ ಬೆರಳು ಒಯ್ದು, ಅದು ಯಾವ ಮದುವೆಯ ಗದ್ದಲದಲ್ಲಿ ಕಳೆದುಹೋಯಿತೆಂದು ಹೇಳತೊಡಗಿದರು.

ಸಂತೋಷವೆಂಬ ಶಬ್ದವನ್ನು ನೀವು ಆ ಒಂದೂವರೆ ಪುಟದಲ್ಲಿ ಎಲ್ಲಿಯೂ ಬಳಸಿಲ್ಲ. ಆದರೆ ದೂರುಗಳಿರುವ ಪುಟಗಳಲ್ಲಿ ಚಿಕ್ಕದಾಗಿ, ಬಿಗಿಯಾಗಿ ಬರುವ ನಿಮ್ಮ ವಾಕ್ಯಗಳು ಅಲ್ಲಿ ಉದ್ದವಾಗಿ ಹರಿದಿವೆ. ಬಣ್ಣಗಳ ಹೆಸರುಗಳು ಒಂದರ ಹಿಂದೊಂದು ಬಂದಿವೆ. ಕಾಗದದ ಅಂಚಿನಲ್ಲಿ ಬುಗುಡಿಯ ಒಂದು ಪುಟ್ಟ ಗೀಟುಚಿತ್ರವೂ ಇದೆ. ನೀವು ಕಳೆದುಕೊಂಡಿದ್ದೇನೆ ಎನ್ನುವುದು ನಿಮ್ಮಲ್ಲಿ ಇನ್ನೂ ಜೀವಂತವಾಗಿದೆ ಎಂದು ನಾನು ಧೈರ್ಯವಾಗಿ ಹೇಳುವುದು ಆ ಪುಟದ ಆಧಾರದ ಮೇಲೆ. ಆ ಮನೆಯವರು ಹಣ ಕೊಟ್ಟದ್ದು ಹೋಲಿಕೆಗಾಗಿ. ಉದುರಿದ ಮುತ್ತಿನ ಜಾಗವನ್ನು ಬರೆಯಿರೆಂದು ಯಾರೂ ಹೇಳಿರಲಿಲ್ಲ, ಸೆರಗಿನ ಕೆಂಪನ್ನು ಕೆನ್ನೆಯ ನೆರಳಿನಲ್ಲಿ ಹುಡುಕಿರೆಂದೂ ಹೇಳಿರಲಿಲ್ಲ. ಒಪ್ಪಿಕೊಂಡ ಕೆಲಸದೊಳಗೆ ಹೀಗೆ ಯಾರೂ ಕೇಳದ, ಯಾರೂ ಬೆಲೆ ಕಟ್ಟದ ಒಂದು ಪಾಲು ಇರುತ್ತದೆ. ವೃತ್ತಿಯ ಚಿತ್ರಕಾರರಿಗೆ ದಿನದಿನವೂ ಸಿಗಬಹುದಾದ ಸಂತೋಷ ಇರುವುದು ಅಲ್ಲಿಯೇ ಎಂಬುದು ನನ್ನ ನಂಬಿಕೆ. ನೀವು ಮಾತ್ರ ಅದನ್ನು ಚಿತ್ರ ಮುಗಿಯುವ ದಿನಕ್ಕೆ ಮುಂದೂಡಿದ್ದೀರಿ, ಆದರೆ ಮುಗಿದ ಚಿತ್ರ ಅಂದೇ ಬೇರೆಯವರ ಮನೆಗೆ ಹೊರಟುಬಿಡುತ್ತದೆ.

ಅಂಥ ಚಿತ್ರಕಾರರು ನಿಜವಾಗಿಯೂ ಇದ್ದಾರೆಯೇ ಎಂದು ಕೇಳಿದ್ದೀರಲ್ಲ, ನನಗೆ ತಕ್ಷಣ ನೆನಪಾಗುವವರು ರುಮಾಲೆ ಚೆನ್ನಬಸವಯ್ಯನವರು. ದೊಡ್ಡಬಳ್ಳಾಪುರದ ಕಡೆ 1910ರಲ್ಲಿ ಹುಟ್ಟಿದ ಅವರು ಚಿತ್ರಕಲೆಯನ್ನು ಕ್ರಮವಾಗಿ ಕಲಿತವರಾದರೂ, ಸ್ವಾತಂತ್ರ್ಯ ಹೋರಾಟ, ಪತ್ರಿಕೆ, ಸಾರ್ವಜನಿಕ ಜೀವನ ಎಂದು ಎಷ್ಟೋ ವರ್ಷ ಕುಂಚದಿಂದ ದೂರವೇ ಉಳಿದರು; 1960ರ ದಶಕದಲ್ಲಿ, ಐವತ್ತು ದಾಟಿದ ಮೇಲೆ, ಮತ್ತೆ ಚಿತ್ರಕ್ಕೆ ಮರಳಿದರು. ಮರಳಿದವರು ಆರಿಸಿಕೊಂಡದ್ದು ಬೆಂಗಳೂರಿನ ದಾರಿಬದಿಯ ಮರಗಳನ್ನು. ದಿನವೂ ಸಾವಿರಾರು ಜನ ಓಡಾಡುವ ರಸ್ತೆಯಲ್ಲಿ, ಯಾರೂ ತಲೆಯೆತ್ತಿ ನೋಡದ ಗುಲ್‌ಮೊಹರ್ ಮತ್ತು ಜಕರಂಡ ಮರಗಳ ಎದುರಿಗೆ ಕ್ಯಾನ್ವಾಸ್ ಹೂಡಿ, ಅಲ್ಲಿಯೇ ನಿಂತು ದಟ್ಟವಾದ ಬಣ್ಣದ ಹೊಡೆತಗಳಲ್ಲಿ ಹೂವಿನ ರಾಶಿಯನ್ನು ಕಟ್ಟಿದರು. ಅವರ ಚಿತ್ರಗಳ ಮುಂದೆ ನಿಂತಾಗ ನನಗೆ ಮರಕ್ಕಿಂತ ಮೊದಲು ಅನುಭವಕ್ಕೆ ಬರುವುದು ಅವರು ಅಲ್ಲಿ ಬಿಸಿಲಿನಲ್ಲಿ ಕಳೆದ ಹೊತ್ತು. ಹೂ ಬಿಡುವ ಕಾಲ ಕೆಲವೇ ವಾರಗಳದ್ದಾದ್ದರಿಂದ ಆ ಕೆಲಸವನ್ನು ನಾಳೆಗೆ ಇಡುವಂತೆಯೂ ಇರಲಿಲ್ಲ. ನಿಮ್ಮ ಧಾರವಾಡದ ಸುತ್ತ ಮಾಗಿ ಕಳೆಯುತ್ತಿದ್ದಂತೆ ಮುತ್ತುಗ ಅರಳುತ್ತದೆ. ಆ ಕಿತ್ತಳೆ ಬಣ್ಣವನ್ನು ಟ್ಯೂಬಿನಿಂದ ನೇರವಾಗಿ ಹಿಂಡಿ ಪಡೆಯಲಾಗದು ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಹೊರಗೆ ಹೋಗುವಷ್ಟು ಬಿಡುವಿಲ್ಲ ಎಂದು ನೀವು ಹೇಳಬಹುದು. ಆಗ ಇಟಲಿಯ ಬೊಲೊನ್ಯಾ ನಗರದ ಜಾರ್ಜೊ ಮೊರಾಂದಿಯವರನ್ನು ನೆನೆಯಬೇಕು. 1890ರಿಂದ 1964ರವರೆಗೆ ಬದುಕಿದ್ದ ಅವರು ಬಹುಪಾಲು ಜೀವನವನ್ನು ತಮ್ಮ ಸೋದರಿಯರೊಡನೆ ಒಂದೇ ಮನೆಯಲ್ಲಿ ಕಳೆದರು. ಮಲಗುವ ಕೋಣೆಯೇ ಅವರ ಚಿತ್ರಶಾಲೆಯೂ ಆಗಿತ್ತು. ಸೀಸೆ, ಹೂಜಿ, ಡಬ್ಬಿ, ಬಟ್ಟಲುಗಳನ್ನು ಮೇಜಿನ ಮೇಲೆ ಜೋಡಿಸಿ, ಅವುಗಳ ಜಾಗವನ್ನು ಕೆಳಗೆ ಹಾಸಿದ ಕಾಗದದಲ್ಲಿ ಗುರುತು ಮಾಡಿಕೊಂಡು, ಸ್ವಲ್ಪ ಸ್ವಲ್ಪವೇ ಸರಿಸುತ್ತ ದಶಕಗಳ ಕಾಲ ಅವನ್ನೇ ಬರೆದರು. ಹೊಳಪು ಅಡ್ಡಬಾರದೆಂದು ಕೆಲವು ಸೀಸೆಗಳಿಗೆ ಬಣ್ಣ ಬಳಿಯುತ್ತಿದ್ದರು, ಅವುಗಳ ಮೇಲೆ ಕೂರುವ ಧೂಳನ್ನು ಒರೆಸದೆ ಬಿಡುತ್ತಿದ್ದರು. ಅವರು ಹೊಟ್ಟೆಪಾಡಿಗೆ ಮಾಡಿದ ಕೆಲಸವನ್ನೂ ನೀವು ಗಮನಿಸಬೇಕು: ಮೊದಲು ಪ್ರಾಥಮಿಕ ಶಾಲೆಗಳಲ್ಲಿ ಚಿತ್ರಕಲೆಯ ಮೇಷ್ಟರಾಗಿ, ಆಮೇಲೆ 1930ರಿಂದ 1956ರವರೆಗೆ ಊರಿನ ಕಲಾ ಅಕಾಡೆಮಿಯಲ್ಲಿ ಎಚಿಂಗ್, ಅಂದರೆ ಲೋಹದ ತಗಡಿನಲ್ಲಿ ಗೆರೆ ಮೂಡಿಸಿ ಅಚ್ಚು ತೆಗೆಯುವ ಕಲೆಯ ಅಧ್ಯಾಪಕರಾಗಿ ದುಡಿದರು. ನಮ್ಮ ಉಡುಪಿ ಬಳಿಯ ಕಟ್ಟಿಂಗೇರಿಯ ಕೆ. ಕೆ. ಹೆಬ್ಬಾರರೂ ಮುಂಬೈಯ ಜೆ. ಜೆ. ಕಲಾಶಾಲೆಯಲ್ಲಿ ಪಾಠ ಹೇಳಿದವರೇ. ನಾಟ್ಯದ ಲಯ ಮೈಗೆ ಹತ್ತಲೆಂದು ಕಥಕ್ಕನ್ನೇ ಅಭ್ಯಾಸ ಮಾಡಿದರು, ಅದರ ಫಲ ಅವರ ರೇಖೆಗಳಲ್ಲಿ ಕಾಣುತ್ತದೆ. ಪಾಠ ಹೇಳುವುದು, ಒಪ್ಪಿಕೊಂಡ ಕೆಲಸ ಮಾಡುವುದು ನಿಜವಾದ ಕಲೆಗೆ ಶತ್ರು ಎಂಬ ಮಾತನ್ನು ನಿಮಗೆ ಕಲಾಶಾಲೆಯಲ್ಲಿ ಯಾರೋ ಹೇಳಿದ್ದರಂತೆ. ನಾನು ಅದನ್ನು ಒಪ್ಪುವುದಿಲ್ಲ.

ಆದ್ದರಿಂದ ನಿಮ್ಮಲ್ಲಿ ನನ್ನ ಬೇಡಿಕೆ ಇಷ್ಟು. ಪ್ರತಿ ಕೆಲಸವನ್ನು ಒಪ್ಪಿಕೊಳ್ಳುವಾಗಲೂ ಅದರೊಳಗೆ ನಿಮಗೆಂದು ಒಂದು ಜಾಗವನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಅಂಗನವಾಡಿಯ ಗೋಡೆಯ ಮೇಲೆ ಮಾವಿನ ಮರ, ಮೊಲ, ಅಕ್ಷರಮಾಲೆ ಇವೆಲ್ಲ ಇಲಾಖೆ ಹೇಳಿದಂತೆಯೇ ಇರಲಿ. ಆದರೆ ಗೋಡೆಗೆ ಬಳಿಯುವ ಬಿಳಿ ಎಮಲ್ಷನ್‌ಗೆ ಹಸಿರು ಸ್ಟೇನರ್ (ಬೆರಕೆಯ ಬಣ್ಣ) ಸುರಿದು ಗೋಡೆಯುದ್ದಕ್ಕೂ ಒಂದೇ ಹಸಿರನ್ನು ಬಳಿಯುವ ಬದಲು, ಹಳದಿ ಮತ್ತು ನೀಲಿ ಸ್ಟೇನರ್‌ಗಳಿಂದ ನಿಮ್ಮದೇ ಹಸಿರುಗಳನ್ನು ಮಾಡಿಕೊಳ್ಳಿ. ಚಿಗುರಿಗೊಂದು, ಬಲಿತ ಎಲೆಗೊಂದು, ನೆರಳಿನಲ್ಲಿರುವ ಎಲೆಗೆ ಚೂರು ಕೆಮ್ಮಣ್ಣಿನ ಬಣ್ಣ ಬೆರೆತದ್ದೊಂದು. ಅರ್ಧ ಗಂಟೆ ಹೆಚ್ಚು ಹಿಡಿಯಬಹುದು. ಮಕ್ಕಳು ಆ ಗೋಡೆಯ ಕೆಳಗೆ ವರ್ಷಗಟ್ಟಲೆ ಕೂರುತ್ತಾರೆ, ಅವರ ಕಣ್ಣಿಗೆ ಅದು ಗೊತ್ತಾಗುತ್ತದೆ ಎಂದೇ ನಾನು ತಿಳಿದಿದ್ದೇನೆ.

ಇದರ ಜೊತೆಗೆ, ಮಾರಾಟಕ್ಕೂ ಪ್ರದರ್ಶನಕ್ಕೂ ಇಲ್ಲದ ಒಂದು ಚಿಕ್ಕ ಅಭ್ಯಾಸವನ್ನು ಇಟ್ಟುಕೊಳ್ಳಿ. ಅಂಗೈ ಅಗಲದ ಜಲವರ್ಣದ ಕಾಗದ, ಒಂದು ಕುಂಚ, ಅಲ್ಟ್ರಾಮರೀನ್ ನೀಲಿ ಮತ್ತು ಬರ್ನ್ಟ್ ಸಿಯೆನ್ನಾ ಕಂದು ಎಂಬ ಎರಡೇ ಬಣ್ಣಗಳು ಸಾಕು. ಈ ಎರಡನ್ನು ನೀರಿನಲ್ಲಿ ಕೂಡಿಸಿದಾಗ ಹುಟ್ಟುವ ಬೂದು ಬಣ್ಣ ಕಪ್ಪಿಗೆ ಬಿಳಿ ಬೆರೆಸಿ ಮಾಡಿದ ಬೂದು ಬಣ್ಣದಂತೆ ಸತ್ತಿರುವುದಿಲ್ಲ. ನೀಲಿಯ ಕಣಗಳು ಕಾಗದದ ಹಳ್ಳಗಳಲ್ಲಿ ಇಳಿದು ಕೂರುತ್ತವೆ, ಕಂದು ಅಂಚಿಗೆ ಸರಿಯುತ್ತದೆ, ನೀರು ಆರುವವರೆಗೂ ಅದು ಏನಾಗುವುದೆಂದು ಬರೆಯುವವರಿಗೇ ಪೂರ್ತಿ ತಿಳಿದಿರುವುದಿಲ್ಲ. ಅಡುಗೆಮನೆಯ ಕಿಟಕಿಯಲ್ಲಿರುವ ತಂಬಿಗೆಯನ್ನೋ ಮಗುಚಿಟ್ಟ ಬೋಗುಣಿಯನ್ನೋ ಆ ಎರಡು ಬಣ್ಣಗಳಲ್ಲಿ ಬರೆಯಿರಿ, ಮರುದಿನ ಅದನ್ನೇ ಮತ್ತೆ ಬರೆಯಿರಿ. ಮಳೆಗಾಲದ ಧಾರವಾಡದಲ್ಲಿ ಒಂದೇ ಕಿಟಕಿಯ ಬೆಳಕು ಬೆಳಗಿನಿಂದ ಮಧ್ಯಾಹ್ನದೊಳಗೆ ಎಷ್ಟು ಬದಲಾಗುತ್ತದೆಂದು ನೀವೇ ಬರೆದಿದ್ದೀರಿ. ಒಂದು ವಿನಂತಿ ಮಾತ್ರ: ಆ ಕಾಗದ ಆರುವ ಮೊದಲೇ ಫೋಟೊ ತೆಗೆದು ಯಾರಿಗೂ ಕಳುಹಿಸಬೇಡಿ. ಇತರರು ಏನನ್ನುವರೋ ಎಂಬ ಎಣಿಕೆ ಹೊಕ್ಕಿತೆಂದರೆ ಕಣ್ಣು ತಂಬಿಗೆಯನ್ನು ಬಿಟ್ಟು ಅತ್ತ ತಿರುಗಿಬಿಡುತ್ತದೆ.

ಕಂಪ್ಯೂಟರ್ ಚಿತ್ರಗಳ ಬಗೆಗಿನ ನಿಮ್ಮ ಆತಂಕ ಸುಳ್ಳೆಂದು ನಾನು ಹೇಳಲಾರೆ. ಫ್ಲೆಕ್ಸ್ ಬಂದಾಗ ಬೋರ್ಡ್ ಬರೆಯುವ ಎಷ್ಟೋ ಕೈಗಳು ಕೆಲಸ ಕಳೆದುಕೊಂಡದ್ದನ್ನು ನಮ್ಮ ಪ್ರತಿಯೊಂದು ಊರೂ ಕಂಡಿದೆ, ಮತ್ತು ನಿಮ್ಮ ಕೆಲಸದಲ್ಲಿಯೂ ಒಂದು ಪಾಲು ಹಾಗೆ ಹೋಗಬಹುದು. ಆದರೆ ಆ ಪಡಸಾಲೆಗೆ ಹೋಗಿ ಕುಳಿತು, ಪೆಟ್ಟಿಗೆ ತೆರೆಸಿ, ಬುಗುಡಿಯನ್ನು ಬೆಳಕಿಗೆ ಹಿಡಿದು ನೋಡಿದವರಿಂದ ಚಿತ್ರ ಬರೆಸಿಕೊಳ್ಳುವವರು ಇನ್ನೂ ಇದ್ದಾರೆ. ಅವರನ್ನು ಹುಡುಕುವುದರಲ್ಲಿ ನಿಮ್ಮ ಶ್ರಮ ಹೋಗಲಿ, ಮೊಬೈಲಿನ ಚಿತ್ರದೊಂದಿಗೆ ಬೆಲೆಯಲ್ಲಿ ಪೈಪೋಟಿ ನಡೆಸುವುದರಲ್ಲಿ ಬೇಡ.

ಇಷ್ಟೆಲ್ಲ ಮಾಡಿದರೂ ಬೇಸರದ ದಿನಗಳು ಬರುತ್ತವೆ. ಏಣಿಯ ಮೇಲೆ ನಿಂತು ಸೊಂಟ ಹಿಡಿದುಕೊಂಡ ದಿನ, ಟರ್ಪೆಂಟೈನ್ ವಾಸನೆಗೆ ತಲೆ ಸಿಡಿಯುವ ದಿನ ಸಂತೋಷವನ್ನು ಹುಡುಕುತ್ತ ಕೂರಬೇಡಿ. ಕುಂಚ ತೊಳೆದಿಟ್ಟು ಮಲಗಿರಿ. ಒಂಟಿತನವನ್ನು ಮಾತ್ರ ಹಾಗೆ ಬಿಡಬಾರದು. ಸಾಗರ, ಸೊರಬದ ಕಡೆ ದೀವರ ಸಮುದಾಯದ ಹೆಣ್ಣುಮಕ್ಕಳು ಮದುವೆಯ ಮನೆಯ ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿನಾರಿನ ಕುಂಚದಿಂದ ಚಿತ್ತಾರ ಬರೆಯುವಾಗ ಹಾಡು, ಮಾತು, ಹಿರಿಯರ ತಿದ್ದುಪಡಿ ಎಲ್ಲ ಜೊತೆಗಿರುತ್ತವೆ. ನೀವೋ ಬೆಳಗಿನಿಂದ ಸಂಜೆಯವರೆಗೆ ಒಬ್ಬರೇ. ಧಾರವಾಡದಲ್ಲಿ ಚಿತ್ರ ಬರೆಯುವವರಿಗೆ ಎಂದೂ ಬರವಿಲ್ಲ. ಇಬ್ಬರು ಮೂವರು ಗೆಳತಿಯರನ್ನು ಕೂಡಿಸಿಕೊಂಡು, ಪಾಠವಿಲ್ಲದ ಒಂದು ಬೆಳಿಗ್ಗೆ ಸಾಧನಕೇರಿಗೋ ಕೆಲಗೇರಿಯ ಕೆರೆಯ ದಂಡೆಗೋ ಹೋಗಿರಿ. ಪಾಠಕ್ಕೆ ಬರುವ ಮಕ್ಕಳಲ್ಲಿ ದೊಡ್ಡವರನ್ನೂ ಕರೆದೊಯ್ಯಬಹುದು.

ಕೊನೆಯದಾಗಿ ಚಿತ್ರಸಂತೆಯ ವಿಚಾರ. ಖಂಡಿತವಾಗಿ ಅರ್ಜಿ ಹಾಕಿ. ಕರ್ನಾಟಕ ಚಿತ್ರಕಲಾ ಪರಿಷತ್ತು ಎರಡು ದಶಕಗಳಿಂದ ನಡೆಸುತ್ತಿರುವ ಈ ಸಂತೆ ಸಾಮಾನ್ಯವಾಗಿ ಜನವರಿಯ ಮೊದಲ ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ನಡೆಯುತ್ತದೆ. ಅರ್ಜಿಯ ಪ್ರಕಟಣೆ ಅದಕ್ಕೂ ಸಾಕಷ್ಟು ಮೊದಲೇ ಬರುವುದರಿಂದ ಈಗಿನಿಂದಲೇ ಗಮನವಿಡಿ. ಅಲ್ಲಿ ಓಡಾಡುವವರು ಒಂದು ದಿನದಲ್ಲಿ ನೂರಾರು ಮಳಿಗೆಗಳನ್ನು ದಾಟಬೇಕಾದ್ದರಿಂದ ದೊಡ್ಡ ಕ್ಯಾನ್ವಾಸ್‌ಗಳನ್ನೇ ನೆಚ್ಚಿಕೊಳ್ಳದೆ, ಕೈಯಲ್ಲಿ ಹಿಡಿದು ನೋಡಬಹುದಾದ ಅಳತೆಯವನ್ನೂ ಒಯ್ಯಿರಿ. ಅಜ್ಜಿಯ ಭಾವಚಿತ್ರವನ್ನು ಆ ಮನೆಯವರ ಒಪ್ಪಿಗೆ ಪಡೆದು ಮಾದರಿಯಾಗಿ ಇಡಿ. ಭಾವಚಿತ್ರ ಬರೆಸಿಕೊಳ್ಳುವ ಆಸೆಯುಳ್ಳವರು ಅದರ ಮುಂದೆ ನಿಲ್ಲುತ್ತಾರೆ, ಆಗ ಮುಂಗಡದ ಮಾತನ್ನು ಮರೆಯಬೇಡಿ. ಕಿಟಕಿಯ ಚಿತ್ರಗಳನ್ನು ಸಂತೆಗೆ ಒಯ್ಯುವುದು ಬೇಡ. ಒಂದಷ್ಟು ತಿಂಗಳು ಕಳೆದ ಮೇಲೆ, ನಿಮಗೆ ಮನಸ್ಸು ಬಂದರೆ, ಅವುಗಳಲ್ಲಿ ನಾಲ್ಕನ್ನು ನಮಗೆ ಕಳುಹಿಸಿ. ಪತ್ರಿಕೆಯ ಒಳಪುಟದಲ್ಲಿ, ನೀವು ಬಯಸಿದರೆ ಹೆಸರಿಲ್ಲದೆಯೇ, ಅಚ್ಚುಮಾಡುತ್ತೇವೆ. ಉಳಿದ ಕಲಾವಿದರಿಗೆ ಕೊಡುವ ಸಂಭಾವನೆಯನ್ನೇ ನಿಮಗೂ ಕೊಡುತ್ತೇವೆ.

ನಿಮ್ಮ ವಿಶ್ವಾಸಿ,
ಸಂಪಾದಕ